ಜೇನು ಕೊಲ್ಲದೆ ತುಪ್ಪ ತೆಗೆಯಲು ಕಲಿಸಿದ ಲ್ಯಾಂಗ್‌ಸ್ಟ್ರಾತ್

ಜೇನು ಕೀಳುವುದೆಂದರೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಒಂದೇ ಕ್ರಮವಿತ್ತು. ಕತ್ತಲಾದ ಮೇಲೆ ಸೂಡಿ ಹೊತ್ತಿಸುವುದು, ಪೊಟರೆಯ ಬಾಯಿಗೆ ಬೆಂಕಿ ಹಿಡಿಯುವುದು, ಕೈಗೆ ಸಿಕ್ಕ ಎರಿಗಳನ್ನೆಲ್ಲ ಕಿತ್ತು ಮೊಟ್ಟೆ, ಮರಿಗಳ ಸಮೇತ ಹಿಂಡುವುದು. ಮನೆಗೆ ಒಂದು ಪಾತ್ರೆ ತುಪ್ಪ ಬರುತ್ತಿತ್ತು. ಅದರಲ್ಲಿ ಮರಿಯ ರಸ, ಮೇಣದ ಚೂರು, ಹೊಗೆಯ ವಾಸನೆ ಎಲ್ಲವೂ ಸೇರಿರುತ್ತಿದ್ದವು. ಬೆಳಗ್ಗೆ ಮರದ ಬುಡದಲ್ಲಿ ಸುಟ್ಟ ನೊಣಗಳ ರಾಶಿ ಬಿದ್ದಿರುತ್ತಿತ್ತು. ಮರುವರ್ಷ ಆ ಪೊಟರೆ ಬರಿದು.

ಇಂದು ತೋಟದಲ್ಲಿ ಪೆಟ್ಟಿಗೆ ಇಟ್ಟುಕೊಂಡ ರೈತ ಹಗಲು ಹೊತ್ತಿನಲ್ಲೇ ಮುಚ್ಚಳ ತೆಗೆಯುತ್ತಾನೆ. ಪುಸ್ತಕದ ಹಾಳೆ ತಿರುವಿದಂತೆ ಒಂದೊಂದೇ ಚೌಕಟ್ಟು ಎತ್ತಿ ನೋಡುತ್ತಾನೆ. ತುಂಬಿದ ಎರಿಯಿಂದ ತುಪ್ಪ ತೆಗೆದು, ಬರಿದಾದ ಎರಿಯನ್ನು ಪುನಃ ಅವುಗಳಿಗೇ ಕೊಡುತ್ತಾನೆ. ಕುಟುಂಬ ಉಳಿಯುತ್ತದೆ, ಮುಂದಿನ ವರ್ಷವೂ ತುಪ್ಪ ಕೊಡುತ್ತದೆ.

ಈ ಎರಡು ಕ್ರಮಗಳ ನಡುವಿನ ಅಂತರ ಒಂದು ಅಂಗುಲದಲ್ಲಿ ಅರ್ಧಕ್ಕಿಂತಲೂ ಕಡಿಮೆ ಎಂದರೆ ನಂಬುವುದು ಕಷ್ಟ. ಆ ಸಣ್ಣ ಅಂತರದ ಬೆಲೆಯನ್ನು ಕಂಡುಕೊಂಡು ಜಗತ್ತಿಗೆ ಕೊಟ್ಟವರು ಅಮೆರಿಕದ ಪಾದ್ರಿ ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್. ಪೆಟ್ಟಿಗೆ ತೆರೆಯುವ ಪ್ರತಿಯೊಬ್ಬ ರೈತನೂ ಅವರ ಋಣದಲ್ಲಿದ್ದಾನೆ. ಆದರೆ ಅವರ ಬಾಳು ಜೇನಿನಷ್ಟು ಸಿಹಿಯಾಗಿರಲಿಲ್ಲ.

ಬಾಲ್ಯ ಮತ್ತು ವಿದ್ಯೆ

ಲ್ಯಾಂಗ್‌ಸ್ಟ್ರಾತ್ ಹುಟ್ಟಿದ್ದು 1810ರ ಡಿಸೆಂಬರ್ 25ರಂದು, ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ. ಹುಡುಗನಿಗೆ ಚಿಕ್ಕಂದಿನಿಂದಲೂ ಇರುವೆ, ಹುಳುಗಳ ಹುಚ್ಚು. ನೆಲಕ್ಕೆ ಮಂಡಿಯೂರಿ ಇರುವೆಗಳ ಓಡಾಟ ನೋಡುತ್ತ ಚಡ್ಡಿಯ ಮಂಡಿ ಹರಿದುಕೊಳ್ಳುತ್ತಿದ್ದನೆಂದೂ, ಇದರಿಂದ ಮನೆಯಲ್ಲಿ ಬೈಗುಳ ತಿನ್ನುತ್ತಿದ್ದನೆಂದೂ ಹೇಳುತ್ತಾರೆ. ಹುಡುಗ ಹುಳು ನೋಡುತ್ತ ಕಾಲ ಕಳೆಯುವುದು ಹಿರಿಯರಿಗೆ ಹಿಡಿಸಲಿಲ್ಲ. ಆ ಆಸಕ್ತಿ ಅಲ್ಲಿಗೇ ಅಡಗಿತು.

1831ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು, ಸ್ವಲ್ಪ ಕಾಲ ಅಲ್ಲಿಯೇ ಗಣಿತದ ಪಾಠ ಹೇಳಿದರು. ಜತೆಗೆ ಧರ್ಮಶಾಸ್ತ್ರದ ಅಭ್ಯಾಸವನ್ನೂ ಮಾಡಿ, 1836ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆಂಡೋವರ್ ಎಂಬಲ್ಲಿ ಚರ್ಚಿನ ಪಾದ್ರಿಯಾದರು. ಅದೇ ವರ್ಷ ಆ್ಯನಾ ಟಕರ್ ಅವರೊಂದಿಗೆ ವಿವಾಹವಾಯಿತು.

ಯೌವನದಿಂದಲೇ ಅವರಿಗೊಂದು ಕಾಯಿಲೆ ಅಂಟಿತ್ತು. ಆಗಾಗ ಮನಸ್ಸು ಕುಗ್ಗಿಹೋಗುತ್ತಿತ್ತು. ತಿಂಗಳುಗಟ್ಟಲೆ ಯಾವ ಕೆಲಸಕ್ಕೂ ಕೈ ಏಳುತ್ತಿರಲಿಲ್ಲ. ಇಂದು ವೈದ್ಯರು ಖಿನ್ನತೆ ಎಂದು ಕರೆಯುವ ರೋಗ ಅದು. ಅಂದು ಅದಕ್ಕೆ ಮದ್ದಿರಲಿಲ್ಲ. ಇದರಿಂದಾಗಿ ಅವರು ಒಂದು ಊರಿನಲ್ಲಿ ಪಾದ್ರಿಯ ಹುದ್ದೆ, ಇನ್ನೊಂದು ಊರಿನಲ್ಲಿ ಶಾಲೆಯ ಕೆಲಸ ಎಂದು ಮತ್ತೆ ಮತ್ತೆ ಬಿಟ್ಟು ಹಿಡಿಯಬೇಕಾಯಿತು.

ಗಾಜಿನ ಪಾತ್ರೆಯ ಎರಿ

1838ರ ಬೇಸಿಗೆಯಲ್ಲಿ ಲ್ಯಾಂಗ್‌ಸ್ಟ್ರಾತ್ ಒಬ್ಬ ಸ್ನೇಹಿತರ ಮನೆಗೆ ಹೋಗಿದ್ದರು. ಮೇಜಿನ ಮೇಲೆ ದೊಡ್ಡ ಗಾಜಿನ ಪಾತ್ರೆಯೊಳಗೆ ಬಿಳಿಯ ಎರಿ ತುಂಬಿ ಹೊಳೆಯುತ್ತಿತ್ತು. ಅದನ್ನು ಕಂಡು ಬೆರಗಾದ ಅವರನ್ನು ಸ್ನೇಹಿತರು ಅಟ್ಟಕ್ಕೆ ಕರೆದೊಯ್ದು ಜೇನು ಸಾಕಿದ ಜಾಗ ತೋರಿಸಿದರು. ಬಾಲ್ಯದ ಆಸೆ ಮರಳಿ ಚಿಗುರಿತು. ಮನೆಗೆ ಹಿಂದಿರುಗುವಾಗ ಹಳೆಯ ಪೆಟ್ಟಿಗೆಗಳಲ್ಲಿದ್ದ ಎರಡು ಕುಟುಂಬಗಳನ್ನು ಕೊಂಡು ತಂದರು.

ಜೇನಿನ ಬಳಿ ಇದ್ದಷ್ಟು ಹೊತ್ತು ತಮ್ಮ ಮನಸ್ಸಿನ ಭಾರ ಇಳಿಯುವುದು ಅವರ ಅನುಭವಕ್ಕೆ ಬಂತು. ಬಯಲಿನ ಗಾಳಿ, ಹೂವು, ನೊಣಗಳ ಶಿಸ್ತು ಇವೇ ಅವರಿಗೆ ಔಷಧಿಯಾದವು.

ಬಲವಾದುದನ್ನೇ ಕೊಲ್ಲುವ ಪದ್ಧತಿ

ಆಗಿನ ಜೇನು ಸಾಕಣೆ ಹೇಗಿತ್ತೆಂಬುದನ್ನು ನಮ್ಮ ರೈತರು ತಿಳಿಯಬೇಕು. ಯುರೋಪಿನಲ್ಲಿ ಹುಲ್ಲಿನಿಂದ ಹೆಣೆದ, ಬೋರಲು ಹಾಕಿದ ಬುಟ್ಟಿಗಳು. ಅಮೆರಿಕದಲ್ಲಿ ಟೊಳ್ಳು ಮರದ ತುಂಡುಗಳು ಅಥವಾ ನಾಲ್ಕು ಹಲಗೆ ಬಡಿದ ಸಾದಾ ಡಬ್ಬಗಳು. ಒಳಗೆ ನೊಣಗಳು ಎರಿಯನ್ನು ಗೋಡೆಗೇ ಅಂಟಿಸಿ ಕಟ್ಟುತ್ತಿದ್ದವು. ಒಳಗಿನದನ್ನು ನೋಡಬೇಕಾದರೆ ಕತ್ತರಿಸಲೇಬೇಕು.

ಹೀಗಾಗಿ ತುಪ್ಪಕ್ಕಾಗಿ ಕುಟುಂಬವನ್ನೇ ಕೊಲ್ಲುವ ರೂಢಿ ಬಂದಿತ್ತು. ಚಳಿಗಾಲಕ್ಕೆ ಮುಂಚೆ ನೆಲದಲ್ಲಿ ಗುಳಿ ತೋಡಿ, ಗಂಧಕ ಹೊತ್ತಿಸಿ, ಅದರ ಮೇಲೆ ಬುಟ್ಟಿ ಇಡುತ್ತಿದ್ದರು. ಗಂಧಕದ ಹೊಗೆಗೆ ನೊಣಗಳೆಲ್ಲ ಉದುರಿ ಸಾಯುತ್ತಿದ್ದವು.

ಯಾವ ಬುಟ್ಟಿಯನ್ನು ಕೊಲ್ಲುವುದು? ಎತ್ತಿ ನೋಡಿದರೆ ತೀರಾ ಭಾರವಾದುದು ತುಪ್ಪಕ್ಕಾಗಿ ಸಾಯುತ್ತಿತ್ತು. ತೀರಾ ಹಗುರಾದುದು ಚಳಿಗಾಲ ದಾಟಲಾರದೆಂದು ಸಾಯುತ್ತಿತ್ತು. ನಡುವಿನವು ಮಾತ್ರ ತಳಿಗೆ ಉಳಿಯುತ್ತಿದ್ದವು. ಹತ್ತು ಸೇರು ಹಾಲು ಕೊಡುವ ಹಸುವನ್ನು ಕಟುಕನಿಗೆ ಕೊಟ್ಟು, ಎರಡು ಸೇರಿನದನ್ನು ಕೊಟ್ಟಿಗೆಯಲ್ಲಿ ಉಳಿಸಿಕೊಂಡಂತೆ. ಇದು ಕ್ರೌರ್ಯ ಮಾತ್ರವಲ್ಲ, ದಡ್ಡತನದ ಬೇಸಾಯ ಕೂಡ ಆಗಿತ್ತು.

ಹಿಂದಿನವರ ದುಡಿಮೆ

ಇದಕ್ಕೆ ದಾರಿ ಹುಡುಕಿದವರು ಮೊದಲೂ ಇದ್ದರು. ಸ್ವಿಟ್ಜರ್‌ಲೆಂಡಿನ ಫ್ರಾಂಸ್ವಾ ಹ್ಯೂಬರ್ ಕಣ್ಣು ಕಳೆದುಕೊಂಡವರು. ಆದರೂ ತಮ್ಮ ಸೇವಕ ಬುರ್ನೆನ್ಸ್ ಕಣ್ಣಿನಿಂದ ಜೇನಿನ ಬದುಕನ್ನು ಪರೀಕ್ಷಿಸಿ 1792ರಲ್ಲಿ ಗ್ರಂಥ ಬರೆದರು. ಪುಸ್ತಕದಂತೆ ಬಿಚ್ಚಿ ನೋಡಬಹುದಾದ ಗೂಡೊಂದನ್ನು ಅವರು ಮಾಡಿಸಿದ್ದರು. ಅದು ಪರೀಕ್ಷೆಗೆ ಒಳ್ಳೆಯದು, ಆದರೆ ರೈತನ ನಿತ್ಯದ ಬಳಕೆಗೆ ಒಗ್ಗುವಂಥದಲ್ಲ. ಗ್ರೀಸ್ ದೇಶದ ಹಳ್ಳಿಗರು ಬುಟ್ಟಿಯ ಬಾಯಿಗೆ ಅಡ್ಡಪಟ್ಟಿ ಜೋಡಿಸಿ ಒಂದೊಂದು ಪಟ್ಟಿಗೆ ಒಂದೊಂದು ಎರಿ ಕಟ್ಟಿಸುತ್ತಿದ್ದರು. ಪೋಲೆಂಡ್ ಮೂಲದ ಪಾದ್ರಿ ಯಾನ್ ಜಿಯೆರ್ಜೋನ್ ಕೂಡ ಅಡ್ಡಪಟ್ಟಿಯ ಪೆಟ್ಟಿಗೆಯಲ್ಲಿ ಹೆಸರಾದವರು.

ಲ್ಯಾಂಗ್‌ಸ್ಟ್ರಾತ್ ಹ್ಯೂಬರ್ ಗ್ರಂಥವನ್ನು ಓದಿ, ಅಡ್ಡಪಟ್ಟಿಯ ಪೆಟ್ಟಿಗೆಯನ್ನೂ ಬಳಸಿ ನೋಡಿದರು. ಅದರ ತೊಂದರೆ ಕೂಡಲೇ ಕಂಡಿತು. ಎರಿಯ ಮೇಲಂಚು ಪಟ್ಟಿಗೆ ಅಂಟಿರುತ್ತದೆ, ಸರಿ. ಆದರೆ ಎರಡು ಪಕ್ಕದ ಅಂಚುಗಳನ್ನು ನೊಣಗಳು ಪೆಟ್ಟಿಗೆಯ ಗೋಡೆಗೆ ಅಂಟಿಸಿಬಿಡುತ್ತವೆ. ಪ್ರತಿ ಸಲವೂ ಚಾಕು ಹಾಕಿ ಕೊಯ್ಯಬೇಕು. ತುಪ್ಪ ಸೋರುತ್ತದೆ, ನೊಣ ಸಾಯುತ್ತವೆ, ಉಳಿದವು ಕೆರಳುತ್ತವೆ.

1851ರ ಅಕ್ಟೋಬರ್ ಸಂಜೆ

1848ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದ ಲ್ಯಾಂಗ್‌ಸ್ಟ್ರಾತ್ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸುತ್ತ, ಊರ ಹೊರಗೆ ಜೇನು ಸಾಕುತ್ತಿದ್ದರು. ಪೆಟ್ಟಿಗೆಯ ಮುಚ್ಚಳ ಅಂಟಿಕೊಳ್ಳದಿರಲೆಂದು ಅಡ್ಡಪಟ್ಟಿಗೂ ಮುಚ್ಚಳಕ್ಕೂ ನಡುವೆ ಸುಮಾರು 3/8 ಅಂಗುಲ ಎಡೆ ಬಿಟ್ಟು ನೋಡಿದರು. ಆಶ್ಚರ್ಯವೆಂದರೆ, ನೊಣಗಳು ಆ ಎಡೆಯನ್ನು ಅಂಟಿನಿಂದ ಮುಚ್ಚಲಿಲ್ಲ, ಅಲ್ಲಿ ಎರಿಯನ್ನೂ ಕಟ್ಟಲಿಲ್ಲ. ಓಡಾಡಲು ದಾರಿಯಾಗಿ ಬಿಟ್ಟುಕೊಂಡವು. ಮುಚ್ಚಳ ಸಲೀಸಾಗಿ ಬಂತು.

1851ರ ಅಕ್ಟೋಬರ್ 30ರಂದು ಜೇನಿನ ತಾಣದಿಂದ ಮನೆಗೆ ನಡೆದು ಬರುತ್ತಿರುವಾಗ ಅವರಿಗೆ ಒಂದು ವಿಚಾರ ಹೊಳೆಯಿತು. ಮೇಲ್ಗಡೆ ಬಿಟ್ಟ ಎಡೆಯನ್ನೇ ಪಕ್ಕಗಳಲ್ಲೂ ಏಕೆ ಬಿಡಬಾರದು? ಅಡ್ಡಪಟ್ಟಿಗೆ ಎರಡು ಪಕ್ಕದ ಪಟ್ಟಿ, ಕೆಳಗೊಂದು ಪಟ್ಟಿ ಸೇರಿಸಿದರೆ ಪೂರ್ತಿ ಚೌಕಟ್ಟಾಗುತ್ತದೆ. ಅದನ್ನು ಪೆಟ್ಟಿಗೆಯ ಗೋಡೆಗೆ ತಾಗದಂತೆ ಸುತ್ತಲೂ ಅಷ್ಟೇ ಎಡೆ ಬಿಟ್ಟು ತೂಗುಹಾಕಿದರೆ, ಎರಿ ಚೌಕಟ್ಟಿನೊಳಗೇ ಉಳಿಯುತ್ತದೆ. ಚಾಕು ಬೇಡ, ಕೊಯ್ಯುವುದು ಬೇಡ, ಎತ್ತಿದರೆ ಬರುತ್ತದೆ.

ವಿಷಯ ಇಷ್ಟೇ. ಎಡೆ ತೀರಾ ಕಿರಿದಾದರೆ ಅವರು ಸಾಕುತ್ತಿದ್ದ ಯುರೋಪಿನ ಜೇನುನೊಣ ಮರದ ಅಂಟು ತಂದು ಮುಚ್ಚುತ್ತದೆ. ಎಡೆ ಅಗಲವಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಕಾಲು ಅಂಗುಲದಿಂದ 3/8 ಅಂಗುಲದವರೆಗಿನ ಎಡೆಯನ್ನು ಮಾತ್ರ ದಾರಿಯೆಂದು ತಿಳಿದು ಖಾಲಿ ಬಿಡುತ್ತದೆ. ಇದಕ್ಕೆ ನೊಣದೆಡೆ ಎನ್ನಬಹುದು. ಚೌಕಟ್ಟನ್ನು ಅವರಿಗಿಂತ ಮೊದಲು ಮಾಡಿದವರಿದ್ದರು. ಅದರ ಸುತ್ತ ಸರಿಯಾದ ಎಡೆ ಬಿಟ್ಟು, ಮೇಲಿನಿಂದ ಎತ್ತುವ ಪೆಟ್ಟಿಗೆಯನ್ನು ರೈತರ ಕೈಗೆ ಕೊಟ್ಟವರು ಲ್ಯಾಂಗ್‌ಸ್ಟ್ರಾತ್.

ತಾವೂ ಜೇನು ಸಾಕುತ್ತಿದ್ದ ಹೆನ್ರಿ ಬೋರ್ಕಿನ್ ಎಂಬ ಬಡಗಿ 1852ರಲ್ಲಿ ಈ ಹೊಸ ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಆ ವರ್ಷ ಅಕ್ಟೋಬರ್ 5ರಂದು 9300 ಸಂಖ್ಯೆಯ ಪೇಟೆಂಟ್ ದೊರೆಯಿತು.

ಪುಸ್ತಕ ಮತ್ತು ಗೆಳೆತನ

ಅಷ್ಟರಲ್ಲಿ ಕಾಯಿಲೆ ಮತ್ತೆ ಮರುಕಳಿಸಿತು. ಶಾಲೆ ಬಿಟ್ಟು ಮ್ಯಾಸಚೂಸೆಟ್ಸಿನ ಗ್ರೀನ್‌ಫೀಲ್ಡ್‌ಗೆ ಹಿಂದಿರುಗಿದ ಲ್ಯಾಂಗ್‌ಸ್ಟ್ರಾತ್ ಅಲ್ಲಿ ತಮ್ಮ ಅನುಭವವನ್ನೆಲ್ಲ ಬರೆದಿಟ್ಟರು. ಅವರ ಅಕ್ಷರ ಓದುವುದು ಕಷ್ಟ. ಪತ್ನಿ ಆ್ಯನಾ ಕುಳಿತು ಹಾಳೆ ಹಾಳೆಯಾಗಿ ಅಚ್ಚಿಗೆ ಸಿದ್ಧಪಡಿಸಿದರು. 1853ರಲ್ಲಿ ಜೇನುಪೆಟ್ಟಿಗೆ ಮತ್ತು ಜೇನುನೊಣವನ್ನು ಕುರಿತ ಆ ಪುಸ್ತಕ ಹೊರಬಂತು. ಮುಂದೆ ದಾದಾಂ ಮನೆತನದವರು ಅದನ್ನು ಪರಿಷ್ಕರಿಸುತ್ತ ಬಂದರು. ಪುಸ್ತಕ ಇಂದಿಗೂ ಬಾಳುತ್ತಿದೆ.

ಇಲ್ಲಿ ಸ್ಯಾಮ್ಯುಯೆಲ್ ವ್ಯಾಗ್ನರ್ ಎಂಬವರ ಸಜ್ಜನಿಕೆಯನ್ನು ನೆನೆಯಬೇಕು. ಜಿಯೆರ್ಜೋನ್ ಅವರ ಪೆಟ್ಟಿಗೆಯನ್ನು ಅಮೆರಿಕಕ್ಕೆ ಪರಿಚಯಿಸಲು ಅವರು ಜರ್ಮನ್ ಗ್ರಂಥವೊಂದನ್ನು ಅನುವಾದಿಸಿ ಇಟ್ಟುಕೊಂಡಿದ್ದರು. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯನ್ನು ಕಂಡ ಮೇಲೆ ಇದೇ ಮೇಲೆಂದು ಒಪ್ಪಿ, ತಮ್ಮ ಅನುವಾದವನ್ನು ಅಚ್ಚು ಮಾಡಿಸದೆ ಅವರಿಗೇ ಕೊಟ್ಟುಬಿಟ್ಟರು. 1861ರಲ್ಲಿ ಅಮೆರಿಕನ್ ಬೀ ಜರ್ನಲ್ ಪತ್ರಿಕೆ ಆರಂಭಿಸಿದವರೂ ಇದೇ ವ್ಯಾಗ್ನರ್.

ಫಲ ಉಂಡವರು ಬೇರೆ

ಬಿತ್ತಿದವರಿಗೆ ಬೆಳೆ ದಕ್ಕಲಿಲ್ಲ. ಪೆಟ್ಟಿಗೆ ಮಾಡುವುದು ಸುಲಭ. ಯಾವ ಬಡಗಿಯೂ ಒಂದನ್ನು ನೋಡಿ ಇನ್ನೊಂದು ಮಾಡಬಲ್ಲ. ಜನ ಅನುಮತಿ ಕೇಳದೆ ಮಾಡಿಕೊಂಡರು. ಕೆಲವರು ಸಣ್ಣಪುಟ್ಟ ಬದಲಾವಣೆ ಮಾಡಿ ತಮ್ಮದೇ ಎಂದು ಮಾರಿದರು. ತಮ್ಮ ಹಕ್ಕಿಗಾಗಿ ಲ್ಯಾಂಗ್‌ಸ್ಟ್ರಾತ್ ನ್ಯಾಯಾಲಯಕ್ಕೂ ಹೋದರು. ವ್ಯಾಜ್ಯದಲ್ಲಿ ಹಣ ಕರಗಿತು, ಮನಸ್ಸಿನ ನೆಮ್ಮದಿಯೂ ಕರಗಿತು. ಅವರ ಹೆಸರಿನ ಪೆಟ್ಟಿಗೆ ದೇಶವೆಲ್ಲ ಹರಡಿದಾಗಲೂ ಅವರ ಕೈಯಲ್ಲಿ ಹಣವಿರಲಿಲ್ಲ.

1858ರಲ್ಲಿ ಕುಟುಂಬ ಒಹಾಯೋ ರಾಜ್ಯದ ಆಕ್ಸ್‌ಫರ್ಡ್‌ಗೆ ಬಂದು ನೆಲೆಸಿತು. ಹತ್ತು ಎಕರೆ ನೆಲ, ಒಂದು ಮನೆ. ಅಲ್ಲಿ ಅವರು ಜೇನಿಗೆ ಬೇಕಾದ ಹೂಗಿಡ, ಮರಗಳನ್ನು ಬೆಳೆಸಿದರು. ಮಗ ಜೇಮ್ಸ್ ಜತೆಗೂಡಿ ಸಾಧು ಸ್ವಭಾವದ ಇಟಲಿ ಜೇನಿನ ರಾಣಿಗಳನ್ನು ಬೆಳೆಸಿ ದೂರದ ಊರುಗಳಿಗೆ ಕಳುಹಿಸಿದರು. ಚೌಕಟ್ಟಿನ ಪೆಟ್ಟಿಗೆ ಇಲ್ಲದಿದ್ದರೆ ಒಂದು ಕುಟುಂಬದ ರಾಣಿ ಬದಲಿಸುವ ಇಂಥ ಕೆಲಸ ಆಗುತ್ತಿರಲಿಲ್ಲ.

ಇದೇ ಹೊತ್ತಿನಲ್ಲಿ ಇತರ ದೇಶಗಳ ಸಲಕರಣೆಗಳು ಈ ಪೆಟ್ಟಿಗೆಗೆ ಕೂಡಿಕೊಂಡವು. 1857ರಲ್ಲಿ ಜರ್ಮನಿಯ ಯೊಹಾನೆಸ್ ಮೇರಿಂಗ್ ಅಚ್ಚೊತ್ತಿದ ಮೇಣದ ಹಾಳೆ ಮಾಡಿದರು. 1865ರಲ್ಲಿ ಹ್ರುಷ್ಕಾ ಎಂಬ ಸೇನಾಧಿಕಾರಿ ಎರಿಯನ್ನು ತಿರುಗಿಸಿ ತುಪ್ಪ ಹಾರಿಸುವ ಯಂತ್ರವನ್ನು ತೋರಿಸಿದರು. ಅಮೆರಿಕದ ಮೋಸೆಸ್ ಕ್ವಿನ್‌ಬಿ 1870ರ ದಶಕದಲ್ಲಿ ತಿದಿಯುಳ್ಳ ಹೊಗೆಡಬ್ಬಿ ತಂದರು. ಚೌಕಟ್ಟು ಇತ್ತೆಂದೇ ಇವೆಲ್ಲ ಉಪಯೋಗಕ್ಕೆ ಬಂದವು. ಎರಿ ಮುರಿಯದೆ ತುಪ್ಪ ಬರುವ ಕಾಲ ಬಂತು.

ಲ್ಯಾಂಗ್‌ಸ್ಟ್ರಾತ್ ಮನೆಗೆ ಮಾತ್ರ ಕತ್ತಲೆ ಕವಿಯಿತು. 1870ರಲ್ಲಿ ಮಗ ಜೇಮ್ಸ್ ತೀರಿಕೊಂಡರು. 1873ರಲ್ಲಿ ಪತ್ನಿ ಆ್ಯನಾ ಅಗಲಿದರು. ಕಾಯಿಲೆ ಹೆಚ್ಚಾದಾಗ ಜೇನಿನ ಕಡೆ ಕಣ್ಣೆತ್ತಿ ನೋಡಲೂ ಅವರಿಗೆ ಮನಸ್ಸಾಗುತ್ತಿರಲಿಲ್ಲ. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದೇ ಆಗ ಬೇಡವಾಗುತ್ತಿತ್ತು. ಕಾಯಿಲೆ ಇಳಿದಾಗ ಮತ್ತೆ ಲೇಖನಿ ಹಿಡಿದು, ಪತ್ರಿಕೆಗಳಿಗೆ ಬರೆದು, ಕೇಳಿದವರಿಗೆ ತಿಳಿಸಿಕೊಡುತ್ತಿದ್ದರು. ತಮಗೆ ಮೋಸವಾಯಿತೆಂಬ ಕಾರಣಕ್ಕೆ ವಿದ್ಯೆಯನ್ನು ಬಚ್ಚಿಡಲಿಲ್ಲ.

1887ರಲ್ಲಿ ಮಗಳ ಮನೆಯವರೊಂದಿಗೆ ಒಹಾಯೋದ ಡೇಟನ್ ನಗರಕ್ಕೆ ಹೋದರು. 1895ರ ಅಕ್ಟೋಬರ್ 6, ಭಾನುವಾರ. ಚರ್ಚಿನಲ್ಲಿ ಉಪದೇಶ ಆರಂಭಿಸಿದಾಗಲೇ ಅವರ ಉಸಿರು ನಿಂತಿತು. ಆಗ ವಯಸ್ಸು 84.

ನಮ್ಮ ನಾಡಿಗೆ ಬಂದ ಬಗೆ

ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಯುರೋಪಿನ ದೊಡ್ಡ ಜೇನಿಗೆ ಹೊಂದುವಂಥದು. ನಮ್ಮ ತುಡುವೆ ಗಾತ್ರದಲ್ಲಿ ಚಿಕ್ಕದು, ಕುಟುಂಬವೂ ಚಿಕ್ಕದು. ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಅವರು 1911ರಿಂದ 1917ರ ನಡುವೆ ಅದೇ ತತ್ತ್ವವನ್ನು ಇಟ್ಟುಕೊಂಡು ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆ ರೂಪಿಸಿ, ಹಳ್ಳಿಯವರಿಗೆ ತರಬೇತಿ ಕೊಟ್ಟರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ನಮ್ಮ ಜೇನು ಸಾಕುವವರಿಗೆ ಚಿರಪರಿಚಿತ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಈ ವಿದ್ಯೆ ಬೇರೂರಿತು. ವೀರಾಜಪೇಟೆಯ ಜೇನು ಸಹಕಾರ ಸಂಘ 1936ರಷ್ಟು ಹಳೆಯದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹಳವಾಗಿ ನಾಶಮಾಡಿತು. ಪೆಟ್ಟಿಗೆ ಖಾಲಿಯಾದರೂ ವಿದ್ಯೆ ಉಳಿದಿದ್ದರಿಂದ ಉಳಿದ ಕುಟುಂಬಗಳಿಂದ ಮತ್ತೆ ವೃದ್ಧಿ ಮಾಡಲು ಸಾಧ್ಯವಾಯಿತು.

ರೈತರು ಗಮನಿಸಬೇಕಾದುದು

ಲ್ಯಾಂಗ್‌ಸ್ಟ್ರಾತ್ ಬಾಳಿನ ಕಥೆ ಓದಿ ಬದಿಗಿಡುವುದಕ್ಕಿಂತ ಅದರ ಸಾರವನ್ನು ತೋಟದಲ್ಲಿ ಬಳಸುವುದು ಮೇಲು.

ಪೆಟ್ಟಿಗೆ ಮಾಡಿಸುವಾಗ ಅಳತೆ ತಪ್ಪಬಾರದು. ಹಸಿ ಮರದ ಹಲಗೆ ಒಣಗಿದ ಮೇಲೆ ಕುಗ್ಗಿ ಅಥವಾ ಸೊಟ್ಟಗಾಗಿ ಎಡೆ ಕೆಡುತ್ತದೆ. ಚೆನ್ನಾಗಿ ಒಣಗಿದ ಮರವನ್ನೇ ಬಳಸಬೇಕು. ನಮ್ಮ ತುಡುವೆ ಮರದ ಅಂಟು ತರುವುದಿಲ್ಲವಾದರೂ ಎಡೆ ಹೆಚ್ಚಾದರೆ ಎರಿ ಕಟ್ಟುವುದನ್ನು ಬಿಡುವುದಿಲ್ಲ. ಪೆಟ್ಟಿಗೆಯ ಬಗೆ ಯಾವುದೋ ಅದರ ಅಳತೆಯನ್ನೇ ಬಡಗಿಗೆ ಕೊಡಬೇಕು. ಒಂದು ಬಗೆಯ ಚೌಕಟ್ಟನ್ನು ಇನ್ನೊಂದು ಬಗೆಯ ಪೆಟ್ಟಿಗೆಗೆ ತುರುಕಬಾರದು.

ತುಪ್ಪವನ್ನು ಮೇಲಿನ ಜೇನುಕೋಣೆಯಿಂದ ಮಾತ್ರ ತೆಗೆಯಬೇಕು. ಕೆಳಗಿನ ಮರಿಕೋಣೆ ಅವುಗಳ ತೊಟ್ಟಿಲು, ಕಣಜ ಎರಡೂ ಹೌದು. ಎರಿಯ ಮುಕ್ಕಾಲು ಭಾಗವಾದರೂ ಮೇಣದ ಮುಚ್ಚಳ ಬಿದ್ದಿರಬೇಕು. ಮುಚ್ಚಳ ಬೀಳದ ತುಪ್ಪದಲ್ಲಿ ನೀರಿನಂಶ ಹೆಚ್ಚು. ಅದು ಹುಳಿಯುತ್ತದೆ, ಬೆಲೆಯೂ ಬರುವುದಿಲ್ಲ.

ಬಿಸಿಲಿರುವ ದಿನ, ನೊಣಗಳು ಹೂವಿಗೆ ಹೋಗಿರುವ ಹೊತ್ತು ಆರಿಸಿಕೊಳ್ಳಿ. ಬಾಗಿಲಲ್ಲಿ ಎರಡು ಮೂರು ಸಲ ತಣ್ಣನೆಯ ಹೊಗೆ ಹಾಕಿದರೆ ಸಾಕು. ಹೆಚ್ಚು ಹೊಗೆ ಹಾಕಿದರೆ ತುಪ್ಪಕ್ಕೆ ವಾಸನೆ ಹಿಡಿಯುತ್ತದೆ, ಕುಟುಂಬ ಗೂಡು ಬಿಟ್ಟು ಓಡಲೂಬಹುದು. ಚೌಕಟ್ಟನ್ನು ನೇರವಾಗಿ, ನಿಧಾನವಾಗಿ ಎತ್ತಬೇಕು. ನೊಣಗಳನ್ನು ಮೆತ್ತನೆಯ ಕುಂಚದಿಂದ ಅಥವಾ ಹಸಿರು ಸೊಪ್ಪಿನಿಂದ ಪೆಟ್ಟಿಗೆಯೊಳಕ್ಕೇ ಸರಿಸಬೇಕು. ಒಂದು ನೊಣ ನಜ್ಜುಗುಜ್ಜಾದರೆ ಅದರ ವಾಸನೆಗೆ ಉಳಿದವು ಕೆರಳುತ್ತವೆ.

ಮುಚ್ಚಳದ ಮೇಣವನ್ನು ಬೆಚ್ಚಗಿನ ಚಾಕುವಿನಿಂದ ತೆಳ್ಳಗೆ ಸವರಿ, ಯಂತ್ರದಲ್ಲಿ ನಿಧಾನವಾಗಿ ತಿರುಗಿಸಿ. ಬರಿದಾದ ಎರಿಯನ್ನು ಅದೇ ದಿನ ಸಂಜೆ ಮರಳಿ ಕೊಡಿ. ಮೇಣ ಮಾಡಲು ನೊಣಗಳು ಅದರ ತೂಕದ ಹಲವು ಪಟ್ಟು ತುಪ್ಪ ತಿನ್ನಬೇಕು. ಕಟ್ಟಿದ ಎರಿ ಸಿಕ್ಕರೆ ಆ ತುಪ್ಪವೆಲ್ಲ ಉಳಿತಾಯ. ತುಪ್ಪವನ್ನು ಬಯಲಲ್ಲಿ ಚೆಲ್ಲಿದರೆ ಬೇರೆ ಪೆಟ್ಟಿಗೆಯ ನೊಣಗಳು ಕೊಳ್ಳೆಗೆ ಬರುತ್ತವೆ, ಜಗಳವಾಗಿ ಸಾವಿರಾರು ಸಾಯುತ್ತವೆ.

ಕೊನೆಯದಾಗಿ, ಎಲ್ಲವನ್ನೂ ತೆಗೆಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೊಣ ಹೊರಗೆ ಹೋಗುವಂತಿಲ್ಲ, ಹೂವೂ ಇಲ್ಲ. ಮೇ ತಿಂಗಳಲ್ಲಿ ಆಸೆಪಟ್ಟು ಕೊನೆಯ ಹನಿಯನ್ನೂ ತೆಗೆದವನ ಪೆಟ್ಟಿಗೆ ಆಗಸ್ಟ್‌ನಲ್ಲಿ ಬರಿದಾಗಿರುತ್ತದೆ. ದಾಸ್ತಾನು ಕಡಿಮೆಯಾದರೆ ಸಕ್ಕರೆ ಪಾಕ ಕೊಡಬಹುದು. ಆದರೆ ಅವುಗಳದೇ ತುಪ್ಪಕ್ಕೆ ಸಮನಾದ ಆಹಾರ ಇನ್ನೊಂದಿಲ್ಲ.

ಗಂಧಕದ ಗುಳಿಯನ್ನು ಮುಚ್ಚಿಸಿದವರು ಲ್ಯಾಂಗ್‌ಸ್ಟ್ರಾತ್. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ತೆರೆಯುವ ಕೈ ಆಸೆಬುರುಕನದಾದರೆ ಕುಟುಂಬ ಉಪವಾಸದಿಂದ ಸಾಯುತ್ತದೆ, ಬೆಂಕಿಯೇ ಬೇಕಾಗಿಲ್ಲ. ಈ ಸಲ ಜೇನುಕೋಣೆಯ ಮುಚ್ಚಳ ತೆಗೆಯುವಾಗ ಚೌಕಟ್ಟಿನ ಸುತ್ತಲಿನ ಆ ಸಣ್ಣ ಎಡೆಯನ್ನೊಮ್ಮೆ ನೋಡಿ. ಅದು ನೊಣಗಳ ಪಾಲಿನ ದಾರಿ. ತುಪ್ಪದಲ್ಲೂ ಅವುಗಳ ಪಾಲನ್ನು ಅವುಗಳಿಗೇ ಬಿಡಿ.